ಬುಧವಾರದ ವಿಡಿಯೋ ಮತ್ತು ಗೇಟಿನ ಚನಬಸಪ್ಪ

ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಚನಬಸಪ್ಪ ಒಂಬತ್ತು ವರ್ಷದಿಂದ ನಿಂತಿದ್ದಾನೆ. ಕೊಪ್ಪಳದ ಕಡೆಯವನು. ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿ ಸಂಸಾರ. ನಾನು ಇದೇ ಕಾರ್ಖಾನೆಯ ಆಫೀಸಿನಲ್ಲಿ ಬಿಲ್ ಟೈಪ್ ಮಾಡುವವಳು. ಈ ಒಂಬತ್ತು ವರ್ಷವೂ ಸಂಜೆ ಮನೆಗೆ ಹೊರಟಾಗ ಅವನು ನನ್ನ ಬ್ಯಾಗು ತೆಗೆಸಿದ್ದಾನೆ. ಊಟದ ಡಬ್ಬಿ, ಕೊಡೆ, ಬಾಚಣಿಗೆ, ಎಲ್ಲ ನೋಡಿಯೇ ಬಿಡುವುದು. "ನಾನೇನು ಲೇತ್ ಮೆಷಿನ್ ಹೊತ್ಕೊಂಡು ಹೋಗ್ತೀನಾ?" ಎಂದು ರೇಗಿದರೂ ಮುಖ ಕದಲುವುದಿಲ್ಲ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಂಥವನ ಮೇಲೆ ಕಳ್ಳತನದ ಮಾತು ಬಂತು. ಸ್ಟೋರಿನಲ್ಲಿ ಹಿತ್ತಾಳೆ ಸರಳಿನ ಒಂದು ಕಟ್ಟು ಇರಲಿಲ್ಲ. ಗೇಟಿನ ರಿಜಿಸ್ಟರಿನ ಬುಧವಾರದ ಪುಟದಲ್ಲಿ ಚನಬಸಪ್ಪನ ದಪ್ಪ ಅಕ್ಷರ: "ಮಧ್ಯಾಹ್ನ ಒಂದೂಕಾಲು. ಹಿತ್ತಾಳೆ ಒಂದು ಕಟ್ಟು. ನಂದೀಶಪ್ಪನವರು ಆಟೋದಲ್ಲಿ ಕಳಿಸಿದರು. ಸಹಿ ಹಾಕಲಿಲ್ಲ." ನಂದೀಶ್ ನಮ್ಮ ಮಾಲೀಕರಾದ ಶ್ರೀಧರ್ ಸಾರ್ ಅವರ ಅಕ್ಕನ ಮಗ. ಓದಿ ನಕ್ಕುಬಿಟ್ಟ. "ಆಮೇಲೆ ಕೂತ್ಕೊಂಡು ಬರ್ದಿದ್ದಾನೆ ಮಾವ. ನಾನ್ಯಾಕೆ ಕಳಿಸ್ಲಿ?"

ಒಂದು ಕಡೆ ಮಾಲೀಕರ ರಕ್ತ, ಇನ್ನೊಂದು ಕಡೆ ಸೆಕ್ಯೂರಿಟಿ. ಉಳಿದ ಸಾಕ್ಷಿ ಗೇಟಿನ ಕ್ಯಾಮೆರಾ ಮಾತ್ರ. ಅದರ ಆ್ಯಪ್ ಇದ್ದದ್ದು ಸಾರ್ ಮೊಬೈಲಿನಲ್ಲಿ. ತೆರೆದರೆ ಈ ಹೊತ್ತಿನ ಗೇಟು ಚೆನ್ನಾಗಿಯೇ ಕಾಣುತ್ತಿತ್ತು. ಕಳೆದ ಬುಧವಾರವನ್ನು ಒತ್ತಿದರೆ ಮಾತ್ರ ಚಕ್ರ ತಿರುಗಿ ತಿರುಗಿ "ವಿಡಿಯೋ ಇಲ್ಲ" ಎನ್ನುತ್ತಿತ್ತು.

"ಐದು ಗಂಟೆಗೆ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ," ಎಂದರು ಸಾರ್. "ಅಷ್ಟ್ರೊಳಗೆ ವಿಡಿಯೋ ಸಿಕ್ರೆ ಸರಿ. ಜ್ಯೋತಿ, ನೋಡಮ್ಮ." ಸೋಮವಾರ, ಆಗ ಮೂರೂವರೆ.

ಆಫೀಸಿನಲ್ಲಿ ಯಾರ ಮೊಬೈಲು ಕೆಟ್ಟರೂ ನಾನೇ ಡಾಕ್ಟರು. ಆ್ಯಪ್ ಮುಚ್ಚಿ ತೆರೆದೆ. ವೈಫೈ ಬಿಟ್ಟು ನನ್ನ ಹಾಟ್‌ಸ್ಪಾಟ್ ಕೊಟ್ಟೆ. ಆ್ಯಪನ್ನೇ ಅಳಿಸಿ ಮತ್ತೆ ಹಾಕಿದೆ. ಪಾಸ್‌ವರ್ಡ್ ನೆನಪಾಗದೆ ಸಾರ್ ಹದಿನೈದು ನಿಮಿಷ ತಿಂದರು. ಅದೇ ಚಕ್ರ. ಗುರುವಾರವೂ ಇಲ್ಲ, ಶನಿವಾರವೂ ಇಲ್ಲ.

"ಇವ್ನೇ ಆಫ್ ಮಾಡಿರ್ತಾನೆ," ಎಂದ ನಂದೀಶ್.

ಚನಬಸಪ್ಪ ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದ. "ಗೇಟ್‌ಪಾಸ್ ಇಲ್ದ ಬಿಟ್ಟಿದ್ದು ನನ್ ತಪ್ಪರಿ ಸಾಹೇಬ್ರ. ಕದ್ದಿಲ್ರಿ." ಅಷ್ಟೇ ಅವನ ಮಾತು. ಇವನೇ ಇರಬಹುದು ಎಂದು ನನಗೂ ಒಳಗೊಳಗೆ ಅನ್ನಿಸಿಬಿಟ್ಟಿತು.

ನಾಲ್ಕೂಮುಕ್ಕಾಲಿಗೆ ಸಾರ್ ಕಾರಿನ ಕೀ ಎತ್ತಿಕೊಂಡರು. ಕೊನೆಗೆ ಗೋಡೆಯ ಮೇಲಿದ್ದ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆಯ ವೈರನ್ನಾದರೂ ನೋಡೋಣವೆಂದು ಸ್ಟೂಲು ಹತ್ತಿದೆ. ಪೆಟ್ಟಿಗೆಯ ಮೇಲೆ ಒಣಗಿದ ಅರಿಶಿನ ಕುಂಕುಮ.

ಆ ಬುಧವಾರಕ್ಕೆ ಐದು ದಿನ ಮುಂಚೆ, ಶುಕ್ರವಾರ, ಆಯುಧಪೂಜೆ. ಲೇತಿಗೆ, ಡ್ರಿಲ್ಲಿಂಗ್ ಮೆಷಿನ್ನಿಗೆ, ಕಂಪ್ಯೂಟರಿಗೆ ಕುಂಕುಮ ಇಟ್ಟವಳು ನಾನು. ಈ ಪೆಟ್ಟಿಗೆಗೂ ಇಟ್ಟಿದ್ದೆ. ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಶಾಕ್ ಹೊಡೆದೀತೆಂದು ಪ್ಲಗ್ ಕಿತ್ತು, ಹನ್ನೊಂದು ಗಂಟೆಯ ಮಂಗಳಾರತಿ ಹೊತ್ತಿಗೆ ಮತ್ತೆ ಚುಚ್ಚಿದ್ದೆ. ಹಳೆಯ ಪೆಟ್ಟಿಗೆ. ಕರೆಂಟು ತಪ್ಪಿದೊಡನೆ ತಾರೀಖನ್ನೇ ಮರೆತಿದ್ದರೆ?

ಮೊಬೈಲಿನಲ್ಲಿ ಆ ಹೊತ್ತಿನ ಗೇಟನ್ನು ತೆರೆದು, ಮೂಲೆಯ ಸಣ್ಣ ಅಂಕಿಗಳನ್ನು ದೊಡ್ಡದು ಮಾಡಿದೆ. ಎರಡು ಸಾವಿರನೇ ಇಸವಿ, ಜನವರಿ ಹನ್ನೊಂದು! ನಾನು ಪ್ಲಗ್ ಚುಚ್ಚಿದ ಕ್ಷಣವನ್ನೇ ಜನವರಿ ಒಂದರ ಮೊದಲ ಗಳಿಗೆ ಎಂದುಕೊಂಡು ಅದು ಹೊಸದಾಗಿ ಎಣಿಸುತ್ತಾ ಬಂದಿತ್ತು. ಬೆರಳು ಮಡಿಸಿದೆ. ನಮ್ಮ ಬುಧವಾರದ ಮಧ್ಯಾಹ್ನ ಒಂದೂಕಾಲು, ಅದಕ್ಕೆ ಜನವರಿ ಆರರ ನಸುಕಿನ ಎರಡೂಕಾಲು.

"ಸಾರ್, ಒಂದ್ನಿಮಿಷ ಇರಿ," ಎಂದೆ. ಜನವರಿ ಆರನ್ನು ಹುಡುಕಿದೆ. ಒತ್ತಿದೆ. ಚಕ್ರ ತಿರುಗಿತು, ನಿಂತಿತು. ಗೇಟು ಬಂತು.

ಬಿಸಿಲಿನಲ್ಲಿ ಒಂದು ಆಟೋ. ನಂದೀಶನೇ ಹಿತ್ತಾಳೆಯ ಕಟ್ಟನ್ನು ಅದರೊಳಗೆ ತಳ್ಳುತ್ತಿದ್ದ. ಚನಬಸಪ್ಪ ಅಡ್ಡ ನಿಂತು ಸಹಿಗೆ ರಿಜಿಸ್ಟರ್ ಚಾಚಿದ. ನಂದೀಶ ತಳ್ಳಿದ. ಅವನು ಮತ್ತೆ ಚಾಚಿದ. ಇವನು ಮತ್ತೆ ತಳ್ಳಿದ. ಆಟೋ ಹೋದ ಮೇಲೆ ಚನಬಸಪ್ಪ ಒಬ್ಬನೇ ಬಿಸಿಲಲ್ಲಿ ನಿಂತು ಏನೋ ಬರೆದುಕೊಂಡ.

"ಫ್ರೆಂಡ್ ಶೆಡ್ಡಿಗೆ ಬೇಕಿತ್ತು ಮಾವ, ವಾಪಸ್ ತರ್ತಿದ್ದೆ..." ನಂದೀಶ ತೊದಲಿದ. ಸಾರ್ ಕೀಯನ್ನು ಮೇಜಿನ ಮೇಲಿಟ್ಟರು. "ಡ್ಯೂಟಿಗೆ ಹೋಗಿ ಚನಬಸಪ್ಪ," ಎಂದರು. ಅವನ ಮುಖ ನೋಡಿ ಹೇಳಲು ಅವರಿಂದ ಆಗಲಿಲ್ಲ.

ಆರು ಗಂಟೆಗೆ ನಾನು ಗೇಟಿಗೆ ಬಂದೆ. "ಆ ಪ್ಲಗ್ ಕಿತ್ತಿದ್ದು ನಾನೇ ಚನಬಸಪ್ಪ. ನನ್ನಿಂದ ಇಷ್ಟೆಲ್ಲ ಆಯ್ತು," ಎಂದೆ.

"ನಿಮಗೂ ನನ್ ಮ್ಯಾಲೆ ಅನುಮಾನ ಇತ್ತೇನ್ರಿ ಅಕ್ಕಾರ?" ಎಂದು ಕೇಳಿದ.

ಸುಳ್ಳಾಡಲು ಬಾಯಿ ಬರಲಿಲ್ಲ. "ಇತ್ತು," ಎಂದೆ. ನಾಚಿಕೆಯಿಂದ ಕಣ್ಣು ತುಂಬಿತು.

"ಇರಬೇಕ್ರಿ. ನನಗೂ ನಿಮ್ ಮ್ಯಾಲೆ ದಿನಾ ಇರ್ತೈತಿ. ಬ್ಯಾಗ್ ತಗೀರಿ."

ತೆಗೆದೆ.