ಜೋರಮ್ಮನ ತುಟಿಮಾತು

ಜೋರಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಆಕೆ ಹೊಳೆಯ ಈ ದಡದಲ್ಲಿ ನಿಂತು “ಏನ್ರೀ, ಚೆನ್ನಾಗಿದೀರಾ?” ಅಂದರೆ ಆ ದಡದ ಬೇಕರಿಯವನು ಒಲೆಯ ಮುಂದಿನಿಂದಲೇ “ಹೂಂ, ಚೆನ್ನಾಗಿದೀನಿ” ಅನ್ನುತ್ತಿದ್ದ. ಮೂವತ್ತೊಂದು ವರ್ಷ ಮಗ್ಗಗಳ ನಡುವೆ ನಿಂತ ಕಿವಿಗಳು. ಮಿಲ್ಲು ಮುಚ್ಚುವ ಹೊತ್ತಿಗೆ ಎರಡೂ ಕೈಕೊಟ್ಟಿದ್ದವು. ತನ್ನ ದನಿ ತನಗೇ ಕೇಳಿಸದವಳು ಜೋರಾಗಿ ಮಾತಾಡದೆ ಇನ್ನೇನು ಮಾಡಬೇಕು? ಜನ ನಗುತ್ತಿದ್ದರು. ನಗಲಿ ಬಿಡಿ, ಆಕೆ ಅದಕ್ಕೆಲ್ಲ ಸೊಪ್ಪು ಹಾಕಿದವಳಲ್ಲ.

ಕಿವಿ ಹೋಗಿದೆ ಎಂದು ಆಕೆಗೆ ತಿಳಿದದ್ದೇ ಮಿಲ್ಲು ಮುಚ್ಚಿದ ದಿನ. ಮಧ್ಯಾಹ್ನ ಮ್ಯಾನೇಜರು ಬಂದು, ಎಲ್ಲ ಮಗ್ಗ ನಿಲ್ಲಿಸಿ ಮನೆಗೆ ಹೋಗಿ ಎಂದ. ಎಲ್ಲರೂ ನಿಲ್ಲಿಸಿದರು. ಈಕೆ ಮಾತ್ರ “ನನ್ನ ಬಟ್ಟೆ ಇನ್ನೂ ಎಂಟು ಮೊಳ ಬಾಕಿ ಇದೆ, ಅರ್ಧಕ್ಕೆ ಬಿಟ್ಟು ನನಗೆ ಅಭ್ಯಾಸ ಇಲ್ಲ” ಎಂದು ನೇಯುತ್ತಲೇ ಇದ್ದಳು. ಮ್ಯಾನೇಜರು ಗಡಿಯಾರ ನೋಡಿದ, ಕೆಮ್ಮಿದ, ಕೊನೆಗೆ ಒಂದು ಪೆಟ್ಟಿಗೆಯ ಮೇಲೆ ಕುಳಿತುಕೊಂಡ. ಎಂಟು ಮೊಳ ಮುಗಿಸಿ ಆಕೆ ಮಗ್ಗ ನಿಲ್ಲಿಸಿದಾಗ ಉಳಿದವರೆಲ್ಲ ಬೆಚ್ಚಿಬಿದ್ದು ಒಬ್ಬರ ಮುಖ ಒಬ್ಬರು ನೋಡಿದರು. ಆ ಶೆಡ್ಡಿನಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಜೋರಮ್ಮನಿಗೆ ಮಾತ್ರ ಕಾಲಡಿಯ ನೆಲ ನಡುಗುವುದು ನಿಂತದ್ದಷ್ಟೇ ಗೊತ್ತಾಯಿತು. ಅವತ್ತು ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಂದು ಗಳಿಗೆ ಅತ್ತಳು. ಆಮೇಲೆ ಮುಖ ತೊಳೆದು ಅಂಗಳ ಗುಡಿಸಿದಳು.

ಕಿವಿ ಇಲ್ಲದಿದ್ದರೂ ಆಕೆಯ ಹತ್ತಿರ ತುಟಿಮಾತು ಇತ್ತು. ನಾನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಪಕ್ಕದವಳು ಗಂಟಲು ಹರಿದುಕೊಂಡರೂ ಕೇಳಿಸದು. ಅದಕ್ಕೇ ಅಲ್ಲಿನ ಹೆಂಗಸರು ದನಿಯನ್ನು ಪಕ್ಕಕ್ಕಿಟ್ಟು, ತುಟಿಗಳನ್ನು ಅಗಲವಾಗಿ ಆಡಿಸಿ ಮಾತಾಡುವುದನ್ನು ಕಲಿತಿದ್ದರು. ಎದುರಿನವಳು ಕಣ್ಣಲ್ಲೇ ಓದಿಕೊಳ್ಳುತ್ತಿದ್ದಳು. ಮೇಸ್ತ್ರಿಯ ಹೊಸ ಮೀಸೆಯ ಸುದ್ದಿ ಅವನ ಬೆನ್ನ ಹಿಂದೆಯೇ ಆರು ಸಾಲು ದಾಟಿ ಹೋಗಿ ನಗೆಯಾಗಿ ವಾಪಸು ಬರುತ್ತಿತ್ತು. ಅವನು ತಿರುಗಿ ನೋಡಿದರೆ ಎಲ್ಲರೂ ತಲೆ ತಗ್ಗಿಸಿ ಕಡಿದ ಎಳೆಗೆ ಗಂಟು ಹಾಕುತ್ತಿದ್ದರು.

ಜೋರಮ್ಮನ ಒಬ್ಬಳೇ ಮಗಳು ಈ ಮಾತನ್ನು ಮಿಲ್ಲಿನ ಕಿಟಕಿಯಲ್ಲಿ ಕಲಿತಳು. ಶಾಲೆ ಬಿಟ್ಟವಳೇ ಓಡಿಬಂದು, ಹೊರಗಿನ ಕಟ್ಟೆ ಹತ್ತಿ, ಗಾಜಿಗೆ ಮೂಗು ಒತ್ತಿ “ಅಮ್ಮಾ, ಹಸಿವು” ಎಂದು ತುಟಿ ಆಡಿಸುತ್ತಿದ್ದಳು. ಒಳಗಿನಿಂದ ಅಮ್ಮ “ಡಬ್ಬಿ ಗೇಟಿನವನ ಹತ್ತಿರ ಇದೆ, ತಿನ್ನು ಹೋಗು” ಅನ್ನುತ್ತಿದ್ದಳು. ಆದರೆ ಮಗಳಿಗೆ ಹದಿಮೂರಾದಾಗ ಶಾಲೆಯ ಹುಡುಗಿಯರು ಅವಳ ಬಾಯಿಯನ್ನು ಅಣಕಿಸಿ ‘ಮೀನು’ ಎಂದು ಕರೆದರು. ಅಂದಿನಿಂದ ಅವಳು ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಳು. ಓದಿದಳು, ಊರಿನ ಪುರಸಭೆ ಕಚೇರಿಯಲ್ಲಿ ಟೈಪಿಸ್ಟ್ ಆದಳು, ಮದುವೆಯಾಗಿ ಮೇಲಿನ ಬೀದಿಗೆ ಹೋದಳು. ಆ ಕೈ ಮಾತ್ರ ಇಳಿಯಲಿಲ್ಲ. ಹಾದಿಬೀದಿಯವರು ನಕ್ಕರೆ ತಲೆ ಕೆಡಿಸಿಕೊಳ್ಳದ ಜೋರಮ್ಮನಿಗೆ ಆ ಕೈ ಕಂಡರೆ ಕರುಳು ಚುರುಕ್ಕೆನ್ನುತ್ತಿತ್ತು. ತುಟಿ ಕಾಣಿಸದ ಮಗಳು ಅವಳ ಪಾಲಿಗೆ ಬಾಗಿಲು ಹಾಕಿದ ಮನೆಯೇ ಸರಿ.

ಹೀಗಿರುವಾಗ ಸೇತುವೆಯ ಕಂಬದ ಮೇಲೆ ಪುರಸಭೆಯ ಒಂದು ನೋಟೀಸು ಬಂತು.

ಮಿಲ್ಲಿನ ಸಾಲುಮನೆಗಳು ಹೊಳೆಯ ಈಚೆಗೆ, ಊರು ಆಚೆಗೆ. ನಡುವೆ ಮಿಲ್ಲಿನವರೇ ಕಟ್ಟಿಸಿದ ಕಬ್ಬಿಣದ ಕಾಲುಸೇತುವೆ. ಸೇತುವೆ ಅಪಾಯಕಾರಿ ಸ್ಥಿತಿಯಲ್ಲಿದೆ, ಬರುವ ಸೋಮವಾರದಿಂದ ಬೀಗ ಹಾಕಲಾಗುವುದು ಎಂದು ನೋಟೀಸಿನಲ್ಲಿತ್ತು. ಬೀಗ ಬಿದ್ದರೆ ಅಂಗಡಿಗೂ ಆಸ್ಪತ್ರೆಗೂ ನಾಲ್ಕು ಮೈಲಿ ಸುತ್ತು. ಸಾಲುಮನೆಗಳಲ್ಲಿ ಉಳಿದಿದ್ದವರು ಹೆಚ್ಚಾಗಿ ಜೋರಮ್ಮನ ವಾರಿಗೆಯವರು. ಎಷ್ಟು ದಿನ ಸುತ್ತಿಯಾರು? ತಾವಾಗಿಯೇ ಜಾಗ ಖಾಲಿ ಮಾಡಬೇಕಾಗುತ್ತಿತ್ತು. ಹಳೇ ಮಿಲ್ಲನ್ನು ಕೊಂಡು ಹೋಟೆಲು ಮಾಡಹೊರಟಿದ್ದ ಕಂಪನಿಗೆ ಬೇಕಾಗಿದ್ದದ್ದೂ ಅದೇ. ಅವರಿಗೆ ಸಾಲುಮನೆಯ ಜಾಗದಲ್ಲಿ ಕಾರು ನಿಲ್ಲಿಸಬೇಕಿತ್ತು.

ಮಗಳು ಬಂದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಏನೋ ಅಂದಳು.

“ಕೈ ತೆಗೆದು ಹೇಳೇ,” ಎಂದಳು ಜೋರಮ್ಮ.

ಮಗಳು ಒಂದು ಚೀಟಿ ತೆಗೆದು ಬರೆದಳು. ನಮ್ಮ ಮನೆಗೆ ಬಂದುಬಿಡಮ್ಮ, ಒಂದು ರೂಮು ಖಾಲಿ ಇದೆ.

“ನಾನೇನು ಸಾಮಾನಾ, ಖಾಲಿ ರೂಮಿಗೆ ತುಂಬೋಕೆ? ಈ ಮನೆಯ ಒಂದೊಂದು ಮೊಳೆ ನಿಮ್ಮಪ್ಪ ಹೊಡೆದದ್ದು. ಆ ಸೇತುವೆ ಮೇಲೆ ನಿನ್ನನ್ನ ಹೊಟ್ಟೆಯಲ್ಲಿ ಹೊತ್ತುಕೊಂಡು ಓಡಾಡಿದೀನಿ. ಅಪಾಯವಂತೆ ಅಪಾಯ! ಯಾರ ಕಿವಿಗೆ ಹೂವಿಡ್ತಾರೆ ಇವರು?”

“ಮೆಲ್ಲಗೆ ಮಾತಾಡಮ್ಮಾ,” ಎಂದಿರಬೇಕು ಮಗಳು. ಕೈಯ ಹಿಂದಿನ ಮಾತಾದರೂ ಅದೊಂದನ್ನು ಜೋರಮ್ಮ ನೋಡದೆಯೇ ಓದಬಲ್ಲಳು.

ಶುಕ್ರವಾರ ಸಂಜೆ ಊರಿನ ಸಭಾಂಗಣದಲ್ಲಿ ಸಭೆ. ವೇದಿಕೆಯ ಮೇಲೆ ಉದ್ದನೆಯ ಮೇಜು, ನಡುವೆ ಕಚೇರಿಯ ಮುಖ್ಯಾಧಿಕಾರಿ, ತುದಿಯಲ್ಲಿ ಸಭೆಯ ಮಾತು ಬರೆದುಕೊಳ್ಳಲು ಮಗಳು. ಮಗ್ಗದ ಹೆಂಗಸರು ಎಂಟು ಜನ ಬಂದಿದ್ದರು. ಜಾಗ ಸಿಕ್ಕ ಕಡೆ ಚದುರಿ ಕುಳಿತಿದ್ದರು. ಜೋರಮ್ಮ ಕಟ್ಟಕಡೆಯ ಸಾಲಿನಲ್ಲಿ.

ಅಧಿಕಾರಿ ಮೈಕು ಹಿಡಿದು, ಜನರ ಪ್ರಾಣಕ್ಕಿಂತ ದೊಡ್ಡದು ಯಾವುದೂ ಇಲ್ಲ ಎಂದ. ಜೋರಮ್ಮ ಎದ್ದಳು.

“ಸೇತುವೆ ಕೆಟ್ಟಿದೆ ಅಂತ ಹೇಳಿದ್ದು ಯಾರು ಸ್ವಾಮಿ?”

“ನೋಡಿ ಅಜ್ಜಿ, ಇದು ನಿಮಗೆಲ್ಲ ಅರ್ಥ ಆಗೋ ವಿಷಯ ಅಲ್ಲ. ಕೂತ್ಕೊಳ್ಳಿ. ಎಂಜಿನಿಯರ್ ರಿಪೋರ್ಟ್ ಇನ್ನೂ ಬಂದಿಲ್ಲ. ಬಂದ ಮೇಲೆ ನೋಡೋಣ. ಅಲ್ಲೀವರೆಗೆ ಬೀಗ.”

ಸಭೆಯಲ್ಲಿ ಕೆಲವರು ನಕ್ಕರು. ಜೋರಮ್ಮ ಕೂರಲಿಲ್ಲ. ಆಕೆಯ ಕಣ್ಣು ಮೇಜಿನ ತುದಿಗೆ ಹೋಯಿತು. ಮಗಳು ಬರೆಯುವುದನ್ನು ನಿಲ್ಲಿಸಿದ್ದಳು. ಮುಖ ಬಿಳಚಿಕೊಂಡಿತ್ತು. ಬಾಯಿಗೆ ಅಡ್ಡವಾಗಿದ್ದ ಆ ಕೈ, ಹದಿಮೂರನೆಯ ವಯಸ್ಸಿನಿಂದ ಅಲ್ಲೇ ಇದ್ದ ಕೈ, ಮೆಲ್ಲಗೆ ಮೇಜಿನ ಮೇಲೆ ಇಳಿಯಿತು.

ಮಗಳ ತುಟಿಗಳು ಅಗಲವಾಗಿ ಆಡಿದವು. ದನಿ ಇಲ್ಲ. ಪಕ್ಕದಲ್ಲಿ ಕುಳಿತವನಿಗೂ ಗೊತ್ತಾಗಲಿಲ್ಲ.

“ಅಮ್ಮಾ, ಸುಳ್ಳು. ರಿಪೋರ್ಟ್ ಬಂದಿದೆ. ಈಗ ತಾನೆ ಫೈಲು ಜೋಡಿಸುವಾಗ ಓದಿದೆ. ನೀಲಿ ಫೈಲು, ಎರಡನೇ ಹಾಳೆ. ಅವರ ಕಾಲ ಹತ್ತಿರದ ಚೀಲದಲ್ಲಿದೆ.”

ಜೋರಮ್ಮನ ಎದೆ ತುಂಬಿ ಬಂತು. ಆದರೆ ಅಳುತ್ತ ನಿಲ್ಲುವ ಹೊತ್ತು ಅದಲ್ಲ. ಸಭಾಂಗಣದ ಮೂಲೆ ಮೂಲೆಗೆ ತಿರುಗಿ ಆಕೆ ತುಟಿ ಆಡಿಸಿದಳು. ಕಿಟಕಿಯ ಬಳಿ ಕುಳಿತಿದ್ದ, ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದವಳು ಗೋಣು ಆಡಿಸಿದಳು. ಕಂಬದ ಪಕ್ಕದ ಕುಂಟಕ್ಕ ಕೋಲು ಊರಿಕೊಂಡು ಎದ್ದಳು. ಒಬ್ಬೊಬ್ಬರಾಗಿ ಎಂಟೂ ಜನ ಎದ್ದು ನಿಂತರು. ಏನಾಗುತ್ತಿದೆ ಎಂದು ಉಳಿದ ಯಾರಿಗೂ ತಿಳಿಯಲಿಲ್ಲ. ನಗು ನಿಂತಿತು.

“ಆ ನೀಲಿ ಫೈಲು ತೆಗೀರಿ ಸ್ವಾಮಿ,” ಎಂದಳು ಜೋರಮ್ಮ. ಆಕೆಗೆ ಮೈಕು ಬೇಕಿರಲಿಲ್ಲ. “ನಿಮ್ಮ ಕಾಲ ಹತ್ತಿರದ ಚೀಲದಲ್ಲಿದೆ. ಎರಡನೇ ಹಾಳೆ ಓದಿ.”

“ಓದಿ! ಓದಿ!” ಎಂದರು ಎಂಟು ಜನ. ಬೇಕರಿಯವನೂ ಎದ್ದ. ಅವನ ಅರ್ಧ ಗಿರಾಕಿಗಳು ಬರುವುದು ಸೇತುವೆಯ ಮೇಲಿಂದಲೇ. ಆಮೇಲೆ ಇಡೀ ಸಭೆ “ಓದಿ” ಅನ್ನತೊಡಗಿತು.

ಅಧಿಕಾರಿ ಚೀಲ ನೋಡಿದ, ಬಾಗಿಲು ನೋಡಿದ. ಬಾಗಿಲಲ್ಲಿ ಆಗಲೇ ಕುಂಟಕ್ಕ ಬಂದು ನಿಂತಿದ್ದಳು. ಕೊನೆಗೆ ಫೈಲು ತೆಗೆದು ಗೊಣಗುತ್ತ ಓದಿದ. ಕಬ್ಬಿಣ ಗಟ್ಟಿಯಾಗಿದೆ. ನಾಲ್ಕು ಹಲಗೆ ಬದಲಿಸಿದರೆ ಇನ್ನೂ ಇಪ್ಪತ್ತು ವರ್ಷ ಯೋಚನೆಯಿಲ್ಲ.

ಗದ್ದಲ ಇಳಿದ ಮೇಲೆ ಅವನು ಹಲ್ಲು ಕಡಿಯುತ್ತ ಕಚೇರಿಯವರ ಮುಖಗಳನ್ನು ಒಂದೊಂದಾಗಿ ನೋಡಿದ. ಮೇಜಿನ ತುದಿಗೆ ಬಂದು ಅವನ ಕಣ್ಣು ನಿಂತಿತು. ಮಗಳು ತಲೆ ತಗ್ಗಿಸಿ ಬರೆಯುತ್ತಿದ್ದಳು.

“ನಿಮಗೆ ಇದನ್ನ ಯಾರು ಹೇಳಿದ್ದು ಅಜ್ಜಿ?”

ಜೋರಮ್ಮ ಕಿವಿಗೆ ಕೈ ಹಚ್ಚಿದಳು. ಪಕ್ಕದವಳು ಆಕೆಯ ಕಿವಿಯ ಬಳಿ ಬಾಗಿ ಅದನ್ನೇ ಮತ್ತೆ ಕೂಗಿ ಹೇಳುವವರೆಗೂ ಕಾದಳು. ಅವನ ತುಟಿಯಲ್ಲಿ ಮೊದಲೇ ಓದಿಯಾಗಿತ್ತು, ಆದರೂ ಕಾದಳು.

“ನನಗಾ? ಯಾರು ಏನು ಹೇಳಿದ್ರೂ ನನಗೆಲ್ಲಿ ಕೇಳುತ್ತೆ ಸ್ವಾಮಿ? ನಾನು ಕಿವುಡಿ. ಬೇಕಾದ್ರೆ ಊರವರನ್ನೇ ಕೇಳಿ.”

ಹೌದು ಹೌದು ಎಂದು ಇಡೀ ಊರು ಸಾಕ್ಷಿ ಹೇಳಿತು.

ಸೋಮವಾರ ಬೀಗ ಬರಲಿಲ್ಲ. ಬಡಗಿ ನಾಲ್ಕು ಹಲಗೆ ಹೊತ್ತುಕೊಂಡು ಬಂದ. ಜೋರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ಒಂದೊಂದು ಮೊಳೆಯನ್ನೂ ಹೊಡೆಸಿದಳು. ಸಂಜೆ ಆಕೆ ಬಾಗಿಲಲ್ಲಿ ಕುಳಿತಿದ್ದಾಗ ಕಚೇರಿ ಬಿಟ್ಟ ಮಗಳು ಸೇತುವೆಯ ನಡುವೆ ಬಂದು ನಿಂತಳು. ಕೆಳಗೆ ಹೊಳೆ ಭೋರ್ಗರೆಯುತ್ತಿತ್ತು. ಅವಳ ಎರಡೂ ಕೈ ಕಂಬಿಯ ಮೇಲಿದ್ದವು.

“ಅಮ್ಮಾ, ಹಸಿವು,” ಎಂದಳು, ತುಟಿಯಲ್ಲಿ.

“ಬಾರೇ, ಬಡಿಸ್ತೀನಿ!” ಎಂದು ಜೋರಮ್ಮ ಕೂಗಿದ್ದು ಎರಡೂ ದಡಕ್ಕೆ ಕೇಳಿಸಿತು. ಮೆಲ್ಲಗೆ ಮಾತಾಡು ಎಂದು ಮಗಳು ಹೇಳಲಿಲ್ಲ.