ಹಿತ್ತಲ ಗೇಟಿಗೆ ಬಿದ್ದ ಬೀಗ

ಕನ್ನಡಕದ ಅಂಗಡಿಯವರಿಗೆ ದೂರು ಕೇಳುವುದೆಂದರೆ ಒಂಥರಾ ಇಷ್ಟ. ಗಿರಾಕಿ ಬಂದು ಮೂಗು ಉಜ್ಜಿಕೊಳ್ಳುತ್ತಾ, "ಇಲ್ಲಿ ಒತ್ತುತ್ತೆ ಕಣ್ರೀ" ಅಂದರೆ ಸಾಕು, ಫ್ರೇಮನ್ನು ಕೈಗೆತ್ತಿಕೊಂಡು, ಕಡ್ಡಿಯನ್ನು ಬಿಸಿಮಾಡಿ ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ಅವರ ಮುಖಕ್ಕೇರಿಸಿ, "ಈಗ ನೋಡಿ" ಅನ್ನುವರು. ಆಗ ಗಿರಾಕಿಯ ಹುಬ್ಬಿನ ಗಂಟು ಸಡಿಲವಾಗುತ್ತದಲ್ಲ, ಅದನ್ನು ನೋಡುವುದಕ್ಕೇ ಅವರು ಅಂಗಡಿ ಇಟ್ಟಿದ್ದಾರೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದರು.

ಆ ಹೆಂಡತಿಗೆ ಮಂಡಿನೋವು ಶುರುವಾದ ಮೇಲೆ ಏರಿನ ಬೀದಿಯ ಮನೆ ಮಾರಲೇಬೇಕಾಯಿತು. ಅಂಗಡಿಯ ಹತ್ತಿರವೇ ಲಿಫ್ಟ್ ಇರುವ ಕಟ್ಟಡದಲ್ಲಿ ಚಿಕ್ಕದೊಂದು ಮನೆ ತೆಗೆದುಕೊಂಡರು. ಹಳೆಯ ಮನೆ ಕೊಂಡವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು. ಗಂಡನಿಗೆ ಊರೂರು ತಿರುಗುವ ನೌಕರಿ. ಮನೆಯಲ್ಲಿರುತ್ತಿದ್ದುದು ಬಹುಪಾಲು ಅವಳು ಮತ್ತು ಇನ್ನೂ ಶಾಲೆಗೆ ಸೇರದ ಮಗಳು.

ಸಾಮಾನು ಸಾಗಿಸಿ ವಾರವಾಗಿರಲಿಲ್ಲ, ಫೋನು ಬಂತು. ಅಡುಗೆಮನೆಯ ನಲ್ಲಿ ಎಷ್ಟು ತಿರುಗಿಸಿದರೂ ತೊಟ್ಟಿಕ್ಕುತ್ತದಂತೆ. ಇವರು ಅಂಗಡಿಯ ಬಾಗಿಲು ಅರ್ಧ ಎಳೆದು, ಜೇಬಿನಲ್ಲಿ ಹೊಸ ವಾಷರ್ ಇಟ್ಟುಕೊಂಡು ಏರು ಹತ್ತಿದರು. ಆಮೇಲೆ ಮಲಗುವ ಕೋಣೆಯ ಕಿಟಕಿ ಕೂರುವುದಿಲ್ಲವೆಂದು ಕರೆ. ಅದಕ್ಕೆ ಜೋರು ಮಾಡಬಾರದು, ಕೆಳಗಿನಿಂದ ಸ್ವಲ್ಪ ಎತ್ತಿ ಒತ್ತಬೇಕು. ಹೋಗಿ ಮಾಡಿ ತೋರಿಸಿದರು. "ನಿಮ್ಮ ಕೈಗೆ ಮಾತ್ರ ಬಗ್ಗುತ್ತೆ ನೋಡಿ ಅಂಕಲ್" ಎಂದು ಅವಳು ನಕ್ಕಾಗ ಇವರಿಗೆ ಎದೆ ಉಬ್ಬಿತು. ಬಚ್ಚಲಿನ ನೀರು ನಿಂತಿತೆಂದರೂ ಇವರೇ, ಕರೆಗಂಟೆ ಕೆಮ್ಮಿತೆಂದರೂ ಇವರೇ.

"ರೀ, ನೀವು ಮಾರಿದ್ದು ಮನೇನೋ, ನಿಮ್ಮನ್ನೋ?" ಎಂದು ಹೆಂಡತಿ ಕೇಳಿದರು.

"ಪಾಪ, ಹೊಸಬರು. ಮನೆ ಅರ್ಥ ಆಗೋವರೆಗೆ ಅಷ್ಟೇ."

ಆದರೆ ಆ ಮನೆಯ ಒಂದು ಸಂಗತಿಯನ್ನು ಇವರು ಕೊಂಡವಳಿಗೆ ಹೇಳಿಯೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ದರ್ಜಿ. ಅವನ ಅಂಗಡಿ ಕೆಳಗಿನ ಪೇಟೆಬೀದಿಯಲ್ಲಿ. ಚಿಕ್ಕಂದಿನಿಂದ ಅವನ ಎಡಗಾಲಿನಲ್ಲಿ ಶಕ್ತಿ ಕಡಿಮೆ. ಬೀದಿಯಲ್ಲಿ ಸುತ್ತಿಕೊಂಡು ಹೋದರೆ ನೀರಿನ ಟ್ಯಾಂಕಿನ ಪಕ್ಕದ ಉದ್ದನೆಯ ಏರುರಸ್ತೆಯನ್ನು ದಾಟಬೇಕು. ಇವರ ಹಿತ್ತಲಿನಿಂದ ಹಾದರೆ ಗೇಟಿನಾಚೆ ಓಣಿ, ಓಣಿಯ ತುದಿಗೆ ಅವನ ಅಂಗಡಿ. ಹೀಗಾಗಿ ಇವರು ಆ ಮನೆಗೆ ಬಂದ ಹೊಸತರಲ್ಲೇ ನಡುವಿನ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಜಾಗ ಬಿಡಿಸಿ, "ಇನ್ಮೇಲೆ ಇಲ್ಲೇ ಓಡಾಡು ಅಣ್ಣ" ಅಂದಿದ್ದರು. ಅಂದಿನಿಂದ ದರ್ಜಿ ಬಟ್ಟೆಗಂಟು ಹೆಗಲಿಗೇರಿಸಿ ಬೆಳಗ್ಗೆ ಇಳಿಯುವುದು, ಸಂಜೆ ಹತ್ತುವುದು. ಹಾಗೆ ಹೋಗುವಾಗ ಒಣಗಿದ ಬಟ್ಟೆ ಹಾರಿ ಬಿದ್ದಿದ್ದರೆ ಎತ್ತಿ ಹಗ್ಗಕ್ಕೆ ಹಾಕುತ್ತಿದ್ದ. ಕಿತ್ತ ಗುಂಡಿ ಕಣ್ಣಿಗೆ ಬಿದ್ದರೆ ಆ ಅಂಗಿಯನ್ನು ಕೇಳದೆಯೇ ಒಯ್ದು ಹೊಲಿದು ತರುತ್ತಿದ್ದ.

ಮನೆ ಮಾರುವ ಮಾತುಕತೆಯಲ್ಲಿ ಇದನ್ನು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕೊಳ್ಳುವವರು ಮುಖ ಸಿಂಡರಿಸಿಯಾರೆಂದು ಇವರು ನುಂಗಿಕೊಂಡಿದ್ದರು. ಮುಂದೆ ನೋಡಿಕೊಂಡರಾಯಿತು ಎಂದು ದರ್ಜಿಗೂ ಏನೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಬ್ಯಾಂಕಿನಾಕೆ ಫೋನು ಮಾಡಿದಳು. "ಅಂಕಲ್, ಯಾರೋ ಒಬ್ರು ನಮ್ಮ ಹಿತ್ತಲಲ್ಲಿ ಹಾದು ಹೋಗ್ತಾರೆ. ಬೆಳಗ್ಗೆ ಮಗು ಒಬ್ಳೇ ಆಡ್ತಿದ್ಳು, ನಂಗೆ ಎದೆ ಧಸಕ್ಕಂತು. ಯಾರು ಅವರು?"

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸಿಕ್ಕಿಬಿದ್ದವರಂತೆ ಇವರ ಕಿವಿ ಬಿಸಿಯಾಯಿತು. ಅವನು ಯಾರು, ಯಾಕೆ ಹಾಗೆ ಹೋಗುತ್ತಾನೆ ಎಂದು ಎರಡು ಮಾತಿನಲ್ಲಿ ಹೇಳಬಹುದಿತ್ತು. ಹೇಳಿದರೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. "ಅಯ್ಯೋ, ಅದೇನೂ ಇಲ್ಲಮ್ಮ, ಪಕ್ಕದವರು. ಹಳೇ ರೂಢಿ" ಎಂದು ತೇಲಿಸಿದರು. ಅವಳು ಇನ್ನೇನೋ ಕೇಳುವಷ್ಟರಲ್ಲಿ ತಮ್ಮ ಮಾಮೂಲಿ ಚುರುಕಿನಲ್ಲಿ, "ಗೇಟಿಗೆ ಒಂದು ಬೀಗ ಹಾಕಿಬಿಡಿ, ಮುಗೀತು. ಅವರಿಗೆ ನಾನು ಹೇಳ್ತೀನಿ" ಅಂದರು.

ಅವಳು "ಸರಿ ಅಂಕಲ್, ನೀವು ಹೇಳಿದ ಹಾಗೆ" ಅಂದಳು.

ಹೇಳಬೇಕಾದವರು ಅಂದು ಹೇಳಲಿಲ್ಲ. ಬಿಡುವಾದಾಗ ಹೋದರಾಯಿತು, ಅಷ್ಟು ಬೇಗ ಅವಳೆಲ್ಲಿ ಬೀಗ ತರುತ್ತಾಳೆ ಎಂದುಕೊಂಡರು. ನಿಜ ಹೇಳಬೇಕೆಂದರೆ ದರ್ಜಿಯ ಮುಖ ನೋಡಿ ಆ ಮಾತಾಡುವುದು ಅವರಿಗೆ ಬೇಕಿರಲಿಲ್ಲ. ಸಂಜೆ ದರ್ಜಿ ಗಂಟು ಹೊತ್ತು ಓಣಿ ಹತ್ತಿ ಬಂದಾಗ ಗೇಟಿನಲ್ಲಿ ಹೊಸ ಬೀಗ ತೂಗುತ್ತಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ನೋಡಿದನಂತೆ. ಯಾರನ್ನೂ ಕೂಗದೆ ಮತ್ತೆ ಪೇಟೆಬೀದಿಗಿಳಿದು, ಟ್ಯಾಂಕಿನ ರಸ್ತೆ ಹಿಡಿದು, ನಡುವೆ ಕೂತು ಕೂತು ಮನೆ ಸೇರಿದನಂತೆ. ಇದನ್ನೆಲ್ಲ ದರ್ಜಿಯ ಹೆಂಡತಿ ಫೋನಿನಲ್ಲಿ ಇವರ ಹೆಂಡತಿಗೆ ಹೇಳಿದಳು.

ಮರುದಿನ ಇವರು ದರ್ಜಿಯ ಅಂಗಡಿಗೆ ಹೋದರು. ಅವನು ತಲೆಯೆತ್ತದೆ ಒಂದು ಜೇಬಿಗೆ ಹೊಲಿಗೆ ಹಾಕುತ್ತಿದ್ದ.

"ಅಣ್ಣ, ಅದು... ಅವರು ಹೊಸಬರು. ಹೆಂಗಸು ಒಬ್ಳೇ ಇರ್ತಾಳೆ. ನಾನು ನಿಂಗೆ ಮೊದ್ಲೇ ಹೇಳ್ಬೇಕಿತ್ತು."

"ಕೂತ್ಕೊಳ್ಳಿ" ಅಂದ ದರ್ಜಿ.

ಇಷ್ಟು ವರ್ಷ ಅವನ ಬಾಯಲ್ಲಿ ಇವರು 'ತಮ್ಮ', ಇಲ್ಲವೇ 'ಏನೋ'. 'ಕೂತ್ಕೊಳ್ಳಿ' ಎಂದು ಕೇಳಿದೊಡನೆ ಇವರಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಅವರ ಮನೆ, ಅವರ ಬೀಗ. ನಾನ್ಯಾಕೆ ಬೇಜಾರು ಮಾಡ್ಕೊಳ್ಲಿ?" ದರ್ಜಿ ದಾರ ಕಡಿದ. "ಒಂದು ಮಾತು ಮೊದ್ಲೇ ಹೇಳಿದ್ರೆ ಆ ಗೇಟಿನ ಮುಂದೆ ಕಳ್ಳನ ಹಾಗೆ ನಿಲ್ತಿರ್ಲಿಲ್ಲ, ಅಷ್ಟೇ. ಮಗು ಕಿಟಕೀಲಿ ನೋಡ್ತಿತ್ತು."

ಇವರು ಇನ್ನೂ ಏನೇನೋ ಹೇಳಿದರು. ದರ್ಜಿ ಎಲ್ಲದಕ್ಕೂ ಹೌದೆಂದ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೆಲವು ದಿನಗಳ ನಂತರ ಬ್ಯಾಂಕಿನಾಕೆ ಕನ್ನಡಕದ ಅಂಗಡಿಗೇ ಬಂದಳು. ಹೊಸ ದೂರಿರಬೇಕೆಂದು ಇವರು ಸ್ಟೂಲು ಎಳೆದು ಕೂರಿಸಿದರು.

"ಅಂಕಲ್, ಆ ಪಕ್ಕದ ಮನೆಯವರಿಗೆ ಕಾಲಲ್ಲಿ ಶಕ್ತಿ ಕಡಿಮೆಯಂತೆ? ಅವರ ಹೆಂಡ್ತಿ ನಿನ್ನೆ ಹೇಳಿದ್ರು. ನೀವು ಯಾಕೆ ನಂಗೆ ಹೇಳ್ಲಿಲ್ಲ?"

ಇವರು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದರು.

"ನಾನು ಯಾರು ಅಂತ ಕೇಳಿದ್ದಷ್ಟೇ. ಬೀಗದ ಯೋಚನೆ ನಂಗಿರ್ಲಿಲ್ಲ. ನೀವೇ ಹೇಳಿದ್ರಿ, ಹಿರಿಯರು, ಏನೋ ಕಾರಣ ಇರ್ಬೇಕು ಅಂದ್ಕೊಂಡೆ. ಇಂಥವರು ಅಂತ ಗೊತ್ತಿದ್ರೆ ನಾನೇ ಗೇಟು ತೆಗೆದಿಡ್ತಿದ್ದೆ. ಬೀಗ ತೆಗೆದಾಯ್ತು, ಹೋಗಿ ಕರೆದೂ ಬಂದೆ. 'ಪರವಾಗಿಲ್ಲಮ್ಮ, ರಸ್ತೆ ರೂಢಿ ಆಯ್ತು' ಅಂತಾರೆ. ನೀವು ಒಂದು ಮಾತು ಹೇಳಿ."

ಈ ಒಂದು ಕೆಲಸ ಮಾತ್ರ ಇವರ ಕೈಯಿಂದ ಆಗುವಂಥದ್ದಾಗಿರಲಿಲ್ಲ. ಆದರೂ ಹೋದರು. ದರ್ಜಿ ಚಹಾ ತರಿಸಿಕೊಟ್ಟ. ಗೇಟಿನ ಮಾತು ಎತ್ತಿದಾಗಲೆಲ್ಲ ಬೇರೆ ಮಾತಿಗೆ ಹೊರಳಿಸಿದ.

ವರ್ಷ ತಿರುಗುವುದರೊಳಗೆ ದರ್ಜಿ ಪೇಟೆಯ ಅಂಗಡಿ ಬಿಟ್ಟು, ಹೊಲಿಗೆ ಯಂತ್ರವನ್ನು ಮನೆಯ ಮುಂದಿನ ಕೋಣೆಗೆ ತಂದಿಟ್ಟುಕೊಂಡ. ಕೇಳಿದವರಿಗೆಲ್ಲ ವಯಸ್ಸಾಯಿತು ಅಂದ. ಗಿರಾಕಿಗಳು ಅರ್ಧಕ್ಕರ್ಧ ಏರು ಹತ್ತಿ ಬರಲಿಲ್ಲ. ಬ್ಯಾಂಕಿನಾಕೆ ಮಗಳ ಫ್ರಾಕುಗಳನ್ನು ಅಲ್ಲೇ ಹೊಲಿಸತೊಡಗಿದಳು. ಆ ಮಗು ಗೋಡೆಯ ಸಂದಿಯಿಂದ ನುಸುಳಿ ಅವನ ಯಂತ್ರದ ಬಳಿ ಚಿಂದಿ ಆರಿಸುತ್ತಾ ಕೂರುತ್ತದೆ ಎಂಬ ಸುದ್ದಿ ಹೆಂಡತಿಯಿಂದ ಇವರ ಕಿವಿಗೂ ಬಿತ್ತು. ಕೇಳಿ ಸಂತೋಷವಾಯಿತು. ತಾವು ಅಲ್ಲಿಲ್ಲವಲ್ಲ ಎಂದು ಅದರ ಹಿಂದೆಯೇ ಅನಿಸಿತು. ಮನೆಯ ದೂರುಗಳು ಇವರಿಗೆ ಬರುವುದು ನಿಂತಿತ್ತು. ಕಿಟಕಿಯನ್ನು ಅವಳು ಬೇರೆ ಹಾಕಿಸಿದ್ದಳು.

ಒಂದು ಬೆಳಗ್ಗೆ ಇವರು ನೆಪಕ್ಕೆ ಹಳೆಯ ಪ್ಯಾಂಟೊಂದನ್ನು ಹಿಡಿದು ಏರು ಹತ್ತಿದರು. ದರ್ಜಿ ಎದ್ದು ನಿಂತು, ಟೇಪನ್ನು ಇವರ ಸೊಂಟಕ್ಕೆ ಸುತ್ತಿ, "ಇಳಿದು ಹೋಗಿದ್ದೀರಿ" ಅಂದ. ಅವನ ಕೈ ಮೊದಲಿನಷ್ಟೇ ಮೃದುವಾಗಿತ್ತು.

"ನಾಳೆ ಬರ್ಲಾ ಅಣ್ಣ, ತಗೊಂಡು ಹೋಗೋಕೆ?"

"ಬೇಡಿ, ಏರು ಹತ್ತೋದು ಕಷ್ಟ" ಅಂದ ದರ್ಜಿ, ಸೀಮೆಸುಣ್ಣದಿಂದ ಗುರುತು ಹಾಕುತ್ತಾ. "ನಮ್ಮವಳು ಪೇಟೆಗೆ ಬರ್ತಾಳೆ. ಅಂಗಡಿಗೇ ಕಳಿಸ್ತೀನಿ."