ಸವಣೂರಿನ ಓಣಿಯಲ್ಲಿ ಮುಗಿದ ನಡಿಗೆ ಸ್ಪರ್ಧೆ

ಹಿರೇಕೆರೂರಿನಲ್ಲಿ ಬೆಳಗಿನ ಹಾನಗಲ್ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು: ಇವರು ನನ್ನನ್ನು ಯಾಕೆ ಕರೆದರು? ಸವಣೂರಿನ ವೀಳ್ಯದೆಲೆ ವ್ಯಾಪಾರಿ ಮಹಬೂಬಸಾಬರ ಮಗಳು ತಸ್ಲೀಮಾ ಅಂದು ದೂರದ ದೇಶವೊಂದರಲ್ಲಿ, ಅಂತರರಾಷ್ಟ್ರೀಯ ಕ್ರೀಡಾಕೂಟದ ಮಹಿಳೆಯರ ವೇಗನಡಿಗೆಯ ಫೈನಲ್‌ನಲ್ಲಿ ಇಳಿಯುವವಳಿದ್ದಳು. "ಊಟಕ್ಕ ಬರ್ರಿ ಅಕ್ಕೋರ, ಕೂಡಿ ಟೀವ್ಯಾಗ ನೋಡೂಣು" ಎಂದು ಅವಳ ತಾಯಿ ಖೈರುನಬಿ ಫೋನ್ ಮಾಡಿದ್ದರು. ಅದಕ್ಕೆ ಮೊದಲು ಅವರು ನನಗೆ ಎಂದೂ ಫೋನ್ ಮಾಡಿದವರಲ್ಲ.

ನಾನು ನಿವೃತ್ತ ದೈಹಿಕ ಶಿಕ್ಷಕಿ, ಜೊತೆಗೆ ವೇಗನಡಿಗೆಯ ತೀರ್ಪುಗಾರ್ತಿ. ತಸ್ಲೀಮಾ ಹೈಸ್ಕೂಲಿನಲ್ಲಿದ್ದಾಗ ಜಿಲ್ಲಾ ಕೂಟದಲ್ಲಿ ಅವಳಿಗೆ ಕೆಂಪು ಕಾರ್ಡ್ ಬರೆದ ಮೂವರಲ್ಲಿ ನಾನೊಬ್ಬಳು. ಆ ಕೂಟದಲ್ಲಿ ಮೂರು ಕಾರ್ಡಿಗೇ ಆಟ ಮುಗಿಯುತ್ತಿತ್ತು; ನಡೆಯುವ ಬದಲು ಓಡಿದಳೆಂದು ಅವಳನ್ನು ಹೊರಗೆ ಹಾಕಿದರು. ಕಾರ್ಡ್ ಸರಿಯಾಗಿಯೇ ಇತ್ತು, ಇವತ್ತು ಕೇಳಿದರೂ ಅದನ್ನೇ ಬರೆಯುತ್ತೇನೆ. ಆದರೆ ಕೆಂಪು ಕಾರ್ಡ್ ಕೊಟ್ಟವಳನ್ನು ಮನೆಗೆ ಊಟಕ್ಕೆ ಕರೆಯುವವರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೆಂಗಸರಿಗೆ ಈಗ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಕಾರ್ಡ್ ನೋಡಿದ. ನನಗೆ ಅವನ ಮೇಲೆ ಗೌರವ ಮೂಡಿತು. ಹಾನಗಲ್‌ನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ನಿಲ್ದಾಣದ ಎದುರು ಗಿರಮಿಟ್ಟು, ಬಿಸಿ ಮಿರ್ಚಿ ತಿನ್ನುತ್ತ ಬಸ್ಸು ಹಿಡಿಯಲು ಬರುವವರ ಮೊಣಕಾಲುಗಳನ್ನೇ ನೋಡುತ್ತ ನಿಂತೆ. ಇದು ನನ್ನ ಹಳೆಯ ಚಾಳಿ. ನಡೆಯುತ್ತಿದ್ದೇವೆಂದು ತೋರಿಸಿಕೊಂಡು ಓಡುವವರೇ ಹೆಚ್ಚು.

ಶಿಗ್ಗಾಂವಿಯ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಹಿರೇಬೆಂಡಿಗೇರಿಯ ರೈತ ಹೆಂಗಸು. ಎಲ್ಲಿಗೆ ಎಂದು ಕೇಳಿದರು, ಹೇಳಿದೆ.

"ನಡಿಯೂದ್ರಾಗೇನ್ ಸ್ಪರ್ಧೆರಿ? ಓಡಾಕ ಬಿಟ್ರ ಲಗೂನ ಮುಟ್ತಾರಲ್ಲ?"

"ಓಡಂಗಿಲ್ರಿ. ಯಾವಾಗ್ಲೂ ಒಂದ್ ಕಾಲು ನೆಲದ ಮ್ಯಾಲಿರಬೇಕು. ಮುಂದಿಟ್ಟ ಕಾಲು ಮೊಣಕಾಲಾಗ ಬಾಗಬಾರ್ದು."

"ಯಾರೂ ನೋಡದಾಗ ಓಡಿದ್ರ?"

"ಅದಕ್ಕ ನಾವು ರಸ್ತೆ ಬಾಜೂಕ ನಿಂತಿರ್ತೇವಿ."

ಆಕೆ ಪೂರ್ತಿ ನನ್ನ ಕಡೆ ತಿರುಗಿ ಕುಳಿತರು. "ಮತ್ತ ನಿಮ್ಮನ್ನ ಯಾರ್ ನೋಡ್ತಾರ್ರಿ?"

ಶಿಗ್ಗಾಂವಿ ಬರುವವರೆಗೆ ಕಿಟಕಿಯಾಚೆಯ ಗೋವಿನಜೋಳ ನೋಡುತ್ತ ಕುಳಿತೆ.

ಅಲ್ಲಿ ಇನ್ನೊಂದು ಬಸ್ಸು ಬದಲಿಸಿ ಸವಣೂರು ಮುಟ್ಟುವಾಗ ಮಧ್ಯಾಹ್ನ. ಮಹಬೂಬಸಾಬರು ಓಣಿಯ ತುದಿಯಲ್ಲೇ ಕಾಯುತ್ತಿದ್ದರು. "ಬರ್ರಿ, ಬರ್ರಿ, ಕುಂತ್ರಿ" ಎಂದು ಟೀವಿಯ ಎದುರಿನ ಒಂದೇ ಒಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿ ತಾವು ಚಾಪೆಯ ಮೇಲೆ ಕುಳಿತರು. ಚಹಾ ಬಂತು, ತಟ್ಟೆ ತುಂಬ ಸವಣೂರು ಖಾರ ಬಂತು, ಬಿರಿಯಾನಿಯ ಘಮವೂ ಬಂತು. ಇಷ್ಟು ಮರ್ಯಾದೆ ಕಂಡು ನನ್ನ ಅನುಮಾನ ಇಮ್ಮಡಿಯಾಯಿತು. ಸರ್ಕಾರಿ ನೌಕರಿಗೆ ಶಿಫಾರಸು ಕೇಳುತ್ತಾರೆ ಎಂದುಕೊಂಡೆ. ಹೊಸ್ತಿಲಲ್ಲಿ ಎದುರು ಮನೆಯ ದಾವಲಬಿ ಬಂದು ಕುಳಿತರು. ಅವರ ಬೆನ್ನ ಹಿಂದೆ ಅರ್ಧ ಓಣಿಯೇ ಇತ್ತು.

ಸ್ಪರ್ಧೆ ಶುರುವಾಯಿತು. ತಸ್ಲೀಮಾ ಮುಂದಿನ ಗುಂಪಿನಲ್ಲೇ ಇದ್ದಳು. ಸೊಂಟದ ತಿರುವು, ಕೈ ಬೀಸು ಎಲ್ಲ ಚೆಂದ. ಪದಕ ಬಂದರೂ ಬರಬಹುದು ಎಂದು ನನಗೇ ಅನ್ನಿಸಿತು, ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಟೀವಿಯವರು ಅವಳ ಹೆಜ್ಜೆಯನ್ನು ನಿಧಾನಗತಿಯಲ್ಲಿ ತೋರಿಸಿದರು. ಎರಡೂ ಕಾಲು ಗಾಳಿಯಲ್ಲಿದ್ದವು.

"ನೋಡ್ರಿ, ಹಾರಾಕತ್ತಾಳ!" ಎಂದರು ದಾವಲಬಿ.

"ಹಂಗ ನೋಡಿದ್ರ ಎಲ್ಲಾರೂ ಹಾರ್ತಾರ್ರಿ" ಎಂದೆ. "ನಿಂತು ನೋಡೋರ ಬರೀ ಕಣ್ಣಿಗೆ ಕಂಡ್ರ ಅಷ್ಟ ತಪ್ಪು."

ಕಾಣದ ತಪ್ಪು ತಪ್ಪಲ್ಲವೇ ಎಂಬ ಮುಖ ಮಾಡಿದರು ದಾವಲಬಿ. ಆದರೆ ಅಲ್ಲಿಯ ತೀರ್ಪುಗಾರರ ಕಣ್ಣಿಗೂ ಕಂಡಿತ್ತು. ತಸ್ಲೀಮಾಳ ಹೆಸರಿನ ಮುಂದೆ ಒಂದು ಕೆಂಪು ಕಾರ್ಡ್ ಬಿತ್ತು, ಮುಂದಿನ ಸುತ್ತಿನಲ್ಲಿ ಇನ್ನೊಂದು. ಮೂರನೆಯದು ಬಿದ್ದರೆ ಪಕ್ಕದ ಚೌಕದಲ್ಲಿ ಎರಡು ನಿಮಿಷ ನಿಲ್ಲಬೇಕು, ನಾಲ್ಕನೆಯದಕ್ಕೆ ಆಟವೇ ಮುಗಿಯಿತು. ಖೈರುನಬಿ ಟೀವಿ ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದರು.

ಆಗ ಹುಡುಗಿ ಹೆಜ್ಜೆ ಚಿಕ್ಕದು ಮಾಡಿದಳು. ಒಬ್ಬಳು ದಾಟಿ ಹೋದಳು, ಮತ್ತೊಬ್ಬಳು, ಆಮೇಲೆ ಒಂದು ಗುಂಪೇ. ಕಾಲು ನೋವೇ, ಹೆದರಿಕೆಯೇ, ಬಿಸಿಲೇ ಎಂದು ನಾನು ಒಂದೊಂದನ್ನೂ ಅನುಮಾನಿಸಿದೆ. ಮುಖದಲ್ಲಿ ನೋವಿರಲಿಲ್ಲ. ಹಿಮ್ಮಡಿ ಒಂದೊಂದು ಸಲವೂ ನೆಲಕ್ಕೆ ಒತ್ತಿ ಬೀಳುತ್ತಿತ್ತು, ಮೊಣಕಾಲು ನೆಟ್ಟಗಿತ್ತು. ತಪ್ಪಿಲ್ಲದೆ ನಡೆಯಲೆಂದು ಇವಳು ಬೇಕೆಂದೇ ಪದಕ ಬಿಡುತ್ತಿದ್ದಾಳೆ ಎಂದು ಆಗ ತಿಳಿಯಿತು. ಹತ್ತನೆಯ ಸ್ಥಾನಕ್ಕೂ ಹಿಂದೆ ಬಿದ್ದು ಗೆರೆ ದಾಟಿದಳು. ಮೂರನೆಯ ಕಾರ್ಡ್ ಬೀಳಲಿಲ್ಲ.

ಖೈರುನಬಿ ಕಣ್ಣೊರೆಸಿಕೊಂಡು ಎದ್ದರು. ಬಿರಿಯಾನಿ ಉಂಡೆವು. ಶಿಫಾರಸಿನ ಮಾತು ಬರಲೇ ಇಲ್ಲ. ನಾನು ಚೀಲ ಹೆಗಲಿಗೇರಿಸಿದಾಗ ಖೈರುನಬಿ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟರು. ಬಂದವರನ್ನು ಓಣಿಯ ತುದಿಯವರೆಗೆ ಕಳಿಸಿ ಬರುವುದು ಅಲ್ಲಿಯ ರೂಢಿ. ಎದುರು ಬಾಗಿಲಲ್ಲಿ ದಾವಲಬಿ ಕುಳಿತಿದ್ದರು; ಖೈರುನಬಿ ಅಲ್ಲೇ ನಿಂತುಬಿಟ್ಟರು.

"ಅಕ್ಕೋರ, ಇವರಿಗೊಂದ್ ಮಾತ್ ಹೇಳಿ ಹೋಗ್ರಿ. ಆಕಿ ಓಡಿದ್ಲೋ, ನಡದ್ಲೋ?"

"ಎಲ್ಲಾರೂ ನೋಡ್ಯಾರಲ್ರಿ, ನಾನ್ಯಾಕ ಹೇಳ್ಲಿ?"

"ಅವತ್ತ ನೀವು ಓಡಿದ್ಲು ಅಂದ್ರಿ, ಓಣಿ ನಂಬ್ತು. ಇವತ್ತಿಗೂ ನನ್ನ ಮಗಳನ್ನ ಕಳ್ಳ ನಡಿಗಿಯಾಕಿ ಅಂತಾರ. ನಾವು ಹಡದವರು, ನಮ್ಮ ಮಾತು ಯಾರ್ ಕೇಳ್ತಾರ? ನೀವು ನಡದ್ಲು ಅಂದ್ರ ನಂಬ್ತಾರ."

ಊಟಕ್ಕೆ ಕರೆದದ್ದು ಇದಕ್ಕೆ. ಒಪ್ಪುವ ಮುನ್ನ ನಾನು ಪ್ರತಿ ಸುತ್ತನ್ನೂ ಮನಸ್ಸಿನಲ್ಲಿ ಮತ್ತೊಮ್ಮೆ ನೋಡಿದೆ. ಇಲ್ಲದ್ದು ಹೇಳುವವಳು ನಾನಲ್ಲ.

"ಎರಡ್ ಸಲ ತಪ್ಪಿದ್ಲು, ತಿದ್ಕೊಂಡ್ಲು" ಎಂದೆ. "ಆಮ್ಯಾಲ ಕಡೀತನಕ ನಡದಾಳ."

"ಖರೇನ?" ಎಂದರು ದಾವಲಬಿ.

"ಖರೇನರಿ."

ಮುಂದಿನ ಬಾಗಿಲಲ್ಲೂ ಖೈರುನಬಿ ನಿಂತರು, ಅದರ ಮುಂದಿನದರಲ್ಲೂ. ಒಂದೊಂದು ಮನೆಯವರೂ ನನ್ನನ್ನು ಮೇಲಿಂದ ಕೆಳಗೆ ನೋಡಿ, ಎರಡೆರಡು ಸಲ ಕೇಳಿದರು. ನಾನು ಹಿಡಿಯಬೇಕಿದ್ದ ಶಿಗ್ಗಾಂವಿಯ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ಮೂಲೆಯ ಮನೆ ತಲುಪುವಷ್ಟರಲ್ಲಿ ಖೈರುನಬಿ ನನಗಿಂತ ಎರಡು ಹೆಜ್ಜೆ ಹಿಂದೆ ಉಳಿದಿದ್ದರು. ಅಲ್ಲಿ ನಾನೇ ಕದ ತಟ್ಟಿದೆ.